ದ್ರಾಕ್ಷಿ ಬೆಳೆದವರು ಬಾಟಲಿಗೆ ಅಂಜುವುದೇಕೆ?

ನಮ್ಮ ಗಡಿಭಾಗದ ಪೇಟೆಗಳಲ್ಲಿ ಬಸ್ ನಿಲ್ದಾಣದಿಂದ ನಾಲ್ಕು ಹೆಜ್ಜೆ ನಡೆದರೆ ‘ವೈನ್ ಶಾಪ್’ ಎಂಬ ಬೋರ್ಡು ಕಣ್ಣಿಗೆ ಬೀಳುತ್ತದೆ. ಜತ್ತದಲ್ಲಿ ಮರಾಠಿ ಅಕ್ಷರ, ವಿಜಯಪುರದಲ್ಲಿ ಕನ್ನಡ ಅಕ್ಷರ, ಹೆಸರು ಮಾತ್ರ ಒಂದೇ. ಒಳಗೆ ಮಾರುವುದು ವಿಸ್ಕಿ, ಬ್ರಾಂಡಿ, ರಮ್ಮು, ಬಿಯರು. ವೈನ್ ಎಂದು ನಿಜಕ್ಕೂ ಕರೆಸಿಕೊಳ್ಳಬೇಕಾದದ್ದು ಮೇಲಿನ ಹಲಗೆಯ ಮೂಲೆಯಲ್ಲಿ ನಾಲ್ಕೈದು ಬಾಟಲಿಯಾಗಿ ಧೂಳು ತಿನ್ನುತ್ತ ನಿಂತಿರುತ್ತದೆ. ಹೀಗಾಗಿ ನಮ್ಮ ಜನರ ಮಟ್ಟಿಗೆ ವೈನ್ ಎಂದರೆ ಸೆರೆಗೆ ಇರುವ ಇನ್ನೊಂದು ಇಂಗ್ಲಿಷ್ ಹೆಸರು. ಸೋಜಿಗವೆಂದರೆ, ಹೀಗೆ ತಿಳಿದಿರುವವರು ಊರ ಸುತ್ತ ದ್ರಾಕ್ಷಿ ಪಡ ಕಟ್ಟಿ, ಅದರ ಆದಾಯದಲ್ಲಿ ಮಕ್ಕಳ ಮದುವೆ ಮಾಡಿದವರು.

ಈ ಮಾತು ಬರೆಯಲು ಕಾರಣವಾದದ್ದು ಪುಣೆಯ ಒಂದು ಹೋಟೆಲಿನ ಊಟ. ಜತ್ತದ ಕಡೆಯ ಇಬ್ಬರು ದ್ರಾಕ್ಷಿ ಬೆಳೆಗಾರರು, ಒಬ್ಬ ಒಣದ್ರಾಕ್ಷಿ ವ್ಯಾಪಾರಿ, ಜೊತೆಗೆ ನಾನು. ಮಾಲು ಕೊಳ್ಳುವ ದೊಡ್ಡ ಪಾರ್ಟಿಯೊಂದು ಕರೆದಿತ್ತು. ಹೋಟೆಲಿನವನು ಚರ್ಮದ ರಟ್ಟಿನ ಪುಸ್ತಕವೊಂದನ್ನು ತಂದು ನಮ್ಮ ವ್ಯಾಪಾರಿಯ ಕೈಗಿತ್ತ. ಪುಟದ ತುಂಬ ವೈನುಗಳ ಹೆಸರು. ತಾಸಗಾಂವದ ಸವಾಲಿನಲ್ಲಿ ಒಂದು ಹಿಡಿ ಮಾಲು ಅಂಗೈಯಲ್ಲಿ ಉಜ್ಜಿ, ಮೂಸಿ, ಒಂದು ಕಾಳು ಬಾಯಿಗೆ ಹಾಕಿ ಯಾವ ಶೆಡ್ಡಿನಲ್ಲಿ ಹೇಗೆ ಒಣಗಿದ್ದು ಎಂದು ಹೇಳಬಲ್ಲ ಆಸಾಮಿ, ಅಲ್ಲಿ ಬೆವರಿಬಿಟ್ಟ. ಕಡಿಮೆ ದರದ್ದು ಹೇಳಿದರೆ ಮರ್ಯಾದೆ ಹೋದೀತು, ಹೆಚ್ಚಿನದು ಹೇಳಿದರೆ ಕರೆದವರಿಗೆ ಹೊರೆಯಾದೀತು. ನಡುವಿನ ದರದ ಮೇಲೆ ಬೆರಳಿಟ್ಟು, “ಇದ ಇರಲಿ” ಅಂದ. ಹೋಟೆಲಿನವನು “ಡ್ರೈ ಇದೆ ಸರ್, ನಡೆಯುತ್ತಾ?” ಎಂದು ಹಿಂದಿಯಲ್ಲಿ ಕೇಳಿದಾಗ ನಮ್ಮವನು ನನ್ನ ಕಡೆ ಬಾಗಿ, “ಸಾಹೇಬ್ರ, ಡ್ರೈ ಅಂದ್ರ ಒಣದ್ರಾಕ್ಷಿಲೆ ಮಾಡಿದ್ದೇನ್ರಿ?” ಎಂದ. ಆಚೆ ಮೇಜಿನವರು ನಕ್ಕರು. ಅವನ ಮುಖ ಕೆಂಪೇರಿತು.

ನಗುವಂಥದ್ದು ಆ ಪ್ರಶ್ನೆಯಲ್ಲಿ ಏನೂ ಇರಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಇಟಲಿಯ ವೆರೋನಾ ಪಟ್ಟಣದ ಹತ್ತಿರ ವಾಲ್ಪೊಲಿಚೆಲ್ಲಾ ಎಂಬ ಸೀಮೆಯಿದೆ. ಅಲ್ಲಿ ಗೊನೆಗಳನ್ನು ಕೊಯ್ದು, ಗಾಳಿಯಾಡುವ ಅಟ್ಟದಲ್ಲಿ ಹಲಗೆ, ತಟ್ಟೆಗಳ ಮೇಲೆ ಮೂರು ನಾಲ್ಕು ತಿಂಗಳು ಬಾಡಿಸಿ, ಆಮೇಲೆ ಹಿಂಡಿ ‘ಅಮರೋನೆ’ ಎಂಬ ವೈನು ಮಾಡುತ್ತಾರೆ. ಜಗತ್ತಿನ ದುಬಾರಿ ವೈನುಗಳಲ್ಲಿ ಅದೂ ಒಂದು. ನಮ್ಮ ಒಣದ್ರಾಕ್ಷಿ ಶೆಡ್ಡುಗಳನ್ನು ನೋಡಿದವರಿಗೆ ಆ ಅಟ್ಟ ಹೊಸದೆನಿಸದು. ಹೋಟೆಲಿನವನು ಹೇಳಿದ ‘ಡ್ರೈ’ ಬೇರೆ, ಅದಕ್ಕೆ ಬರುತ್ತೇನೆ.

ನನ್ನ ವಾದ ಇಷ್ಟೇ. ವೈನನ್ನು ತಿಳಿಯಲು ಬೇಕಾದ ಮುಕ್ಕಾಲು ಪಾಲು ವಿದ್ಯೆ ನಮ್ಮ ಬೆಳೆಗಾರನ ಬಳಿ ಈಗಾಗಲೇ ಇದೆ. ಅವನಿಗೆ ಇಲ್ಲದಿರುವುದು ಅದರ ಹೆಸರುಗಳು. ಆ ಹೆಸರುಗಳನ್ನು ಇಂಗ್ಲಿಷ್ ಬಲ್ಲವರು ಬೀಗ ಹಾಕಿ ಇಟ್ಟುಕೊಂಡಿದ್ದಾರೆ ಎಂಬ ಭ್ರಮೆ ನಮ್ಮಲ್ಲಿದೆ. ಕುಡಿಯಿರಿ ಎಂದು ಯಾರಿಗೂ ಇಲ್ಲಿ ಹೇಳುತ್ತಿಲ್ಲ. ಕುಡಿಯುವವನು, ಕುಡಿಯದವನು, ಮಾರುವವನು, ಬೆಳೆಯುವವನು, ನಾಲ್ವರಿಗೂ ಇದು ಗೊತ್ತಿರಬೇಕು. ಏಕೆ ಎಂಬುದನ್ನು ಮುಂದೆ ನೋಡೋಣ.

ಬ್ರಿಕ್ಸ್ ಮೀಟರಿನಿಂದಲೇ ಶುರು ಮಾಡೋಣ. ಅದು ಇಲ್ಲದ ದ್ರಾಕ್ಷಿ ಬೆಳೆಗಾರ ಇಂದು ವಿರಳ. ಕಾಯಿ ಹಿಸುಕಿ ಒಂದು ಹನಿ ಬಿಟ್ಟು, ಕಣ್ಣಿಗೆ ಹಿಡಿದು 16 ಬಂತೋ 18 ಬಂತೋ ನೋಡಿ ತಿನ್ನುವ ದ್ರಾಕ್ಷಿ ಕೊಯ್ಯುತ್ತೇವೆ. ಒಣಗಿಸುವುದಾದರೆ 22ರವರೆಗೆ ಕಾಯುತ್ತೇವೆ. ವೈನಿನ ದ್ರಾಕ್ಷಿಯೂ ಹೆಚ್ಚುಕಡಿಮೆ 22ರಿಂದ 24ರ ನಡುವೆ ಕೊಯ್ಲಿಗೆ ಬರುತ್ತದೆ. ರಸದಲ್ಲಿನ ಸಕ್ಕರೆಯನ್ನು ಯೀಸ್ಟ್ ಎಂಬ ಹುದುಗಿನ ಜೀವಿ ತಿಂದು ಮದ್ಯಸಾರವಾಗಿ ಮಾರ್ಪಡಿಸುತ್ತದೆ. ಬ್ರಿಕ್ಸಿನ ಅರ್ಧಕ್ಕಿಂತ ತುಸು ಹೆಚ್ಚು ಎಂದು ಲೆಕ್ಕ ಹಾಕಿ. 22 ಬ್ರಿಕ್ಸಿನ ರಸ ಪೂರ್ತಿ ಹುದುಗಿದರೆ ಸುಮಾರು 12 ಪರ್ಸೆಂಟಿನ ವೈನು. ಬಾಟಲಿಯ ಚೀಟಿಯ ಮೇಲೆ 12, 13 ಎಂದು ಬರೆದಿರುವುದು ಇದೇ ಅಂಕಿ. ಆ ಅಂಕಿ ನೋಡಿದರೆ ದ್ರಾಕ್ಷಿ ಎಷ್ಟು ಮಾಗಿತ್ತು ಎಂದು ಪಡದಲ್ಲಿ ನಿಂತೇ ಹೇಳಬಹುದು.

ಸಕ್ಕರೆಯೆಲ್ಲ ಹುದುಗಿ ಮುಗಿದು, ನಾಲಿಗೆಗೆ ಸಿಹಿ ಉಳಿಯದ ವೈನಿಗೆ ‘ಡ್ರೈ’ ಎನ್ನುತ್ತಾರೆ. ಯುರೋಪಿನ ನಿಯಮದಲ್ಲಿ ಲೀಟರಿಗೆ 4 ಗ್ರಾಂ ಒಳಗೆ ಸಕ್ಕರೆ ಉಳಿದಿದ್ದರೆ ಸಾಮಾನ್ಯವಾಗಿ ಡ್ರೈ. ಹುದುಗುವುದನ್ನು ನಡುವೆ ನಿಲ್ಲಿಸಿದರೆ ಸಿಹಿ ಉಳಿಯುತ್ತದೆ, ಆಗ ಅದು ಸ್ವೀಟ್ ಅಥವಾ ಸೆಮಿ ಸ್ವೀಟ್. ಅಷ್ಟೇ ಗುಟ್ಟು. ಮೊದಲ ಸಲ ರುಚಿ ನೋಡುವವರು ಡ್ರೈ ವೈನು ಬಾಯಿಗಿಟ್ಟು “ಕೆಟ್ಟೈತಿ” ಎಂದು ಮುಖ ಕಿವುಚುತ್ತಾರೆ. ದ್ರಾಕ್ಷಿ ಎಂದ ಮೇಲೆ ಸಿಹಿ ಇರಲೇಬೇಕು ಎಂಬ ನಿರೀಕ್ಷೆ ಅವರದು. ಅದು ಕೆಟ್ಟಿಲ್ಲ.

ಇನ್ನು ಹುಳಿ. ಹುಣಸೆಕಾಯಿ ನೆನೆದರೆ ಬಾಯಲ್ಲಿ ನೀರೂರುವುದಿಲ್ಲವೇ? ಒಳ್ಳೆಯ ಬಿಳಿ ವೈನು ನುಂಗಿದ ಮೇಲೆ ಕೆನ್ನೆಯ ಒಳಗಡೆ ಹಾಗೇ ನೀರೂರಬೇಕು. ಹುಳಿ ಇಲ್ಲದ ವೈನು ಉಪ್ಪಿಲ್ಲದ ಸಾರಿನಂತೆ ಸಪ್ಪೆ. ಬಿಸಿಲು ಹೆಚ್ಚಾದಷ್ಟೂ ಕಾಯಿಯಲ್ಲಿ ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ನಮ್ಮಂಥ ಬಿಸಿಲು ಸೀಮೆಯಲ್ಲಿ ವೈನು ಮಾಡುವವರ ದೊಡ್ಡ ತಲೆನೋವು ಇದು. ಆಮೇಲೆ ಒಗರು. ನೇರಳೆ ಹಣ್ಣು, ಎಳೆ ಬಾಳೆಕಾಯಿ, ಕಡಕ್ ಚಹಾ ಇವು ನಾಲಿಗೆಯನ್ನು ಹಿಡಿದೆಳೆದು ಒಣಗಿಸುತ್ತವಲ್ಲ, ಅದೇ. ಕೆಂಪು ವೈನನ್ನು ಸಿಪ್ಪೆ, ಬೀಜಗಳ ಸಮೇತ ಹುದುಗಿಸುವುದರಿಂದ ಬಣ್ಣವೂ ಒಗರೂ ಅಲ್ಲಿಂದ ಇಳಿಯುತ್ತವೆ. ಕರಿ ದ್ರಾಕ್ಷಿಯ ರಸ ಕೂಡ ಬಹುತೇಕ ಜಾತಿಗಳಲ್ಲಿ ಬಿಳಿಯೇ. ಸಿಪ್ಪೆ ತೆಗೆದು ಹಿಂಡಿ ನೋಡಿ. ಬಿಳಿ ವೈನಿಗೆ ಮೊದಲೇ ಹಿಂಡಿ ಸಿಪ್ಪೆ ಬೇರ್ಪಡಿಸುತ್ತಾರೆ, ಹಾಗಾಗಿ ಒಗರು ಅತಿ ಕಡಿಮೆ. ಕೊನೆಯದು ಗಂಟಲಲ್ಲಿ ಇಳಿಯುವಾಗಿನ ಕಾವು, ಅದು ಮದ್ಯಸಾರದ್ದು. ಸಿಹಿ, ಹುಳಿ, ಒಗರು, ಕಾವು. ಈ ನಾಲ್ಕನ್ನು ಬೇರೆ ಬೇರೆಯಾಗಿ ಗುರುತಿಸಿ, ಯಾವುದು ಮೇಲಾಗಿದೆ, ಯಾವುದು ಕಡಿಮೆಯಾಗಿದೆ ಎಂದು ಹೇಳಬಲ್ಲವನು ಆ ಚರ್ಮದ ಪುಸ್ತಕಕ್ಕೆ ಅಂಜಬೇಕಾಗಿಲ್ಲ.

ಮೂಗಿನ ಮಾತು ಬಿಟ್ಟೆನಲ್ಲ. ಅಂದಿನ ಊಟದಲ್ಲಿ ಎಲ್ಲರಿಗಿಂತ ಹಿರಿಯರು ಕಾಕಾ. ವಾರಕರಿ, ಕೊರಳಲ್ಲಿ ತುಳಸಿ ಮಾಲೆ, ಆಷಾಢಿಗೆ ಪಂಢರಪುರದ ವಾರಿ ತಪ್ಪಿಸಿದವರಲ್ಲ. ಗ್ಲಾಸು ಮುಂದೆ ಬಂದಾಗ ಅದನ್ನು ದೂರ ಸರಿಸಿದರು. ವ್ಯಾಪಾರಿಯ ಪೇಚಾಟ ನೋಡಿ ಅವರಿಗೆ ಏನನ್ನಿಸಿತೋ, ಗ್ಲಾಸು ಮತ್ತೆ ಹತ್ತಿರ ಎಳೆದುಕೊಂಡರು. “ತಮ್ಮಾ, ಕುಡಿಯೂದು ನನಗ ಬ್ಯಾಡ. ವಾಸನಿ ನೋಡಾಕ ಮಾಲಿ ಏನ್ ಅಡ್ಡ ಬರೂದಿಲ್ಲ,” ಎಂದು ಮೂಗಿಗೆ ಹಿಡಿದರು. ಅದು ಸೊವಿನ್ಯೊ ಬ್ಲಾಂಕ್ ಎಂಬ ಬಿಳಿ ದ್ರಾಕ್ಷಿಯದು. ಎರಡು ಸಲ ಮೂಸಿ, “ಹಸಿ ಡಬ್ಬು ಮೆಣಸಿನಕಾಯಿ ಮುರಿದಾಂಗ ಐತಿ ನೋಡು” ಎಂದರು. ಆಮೇಲೆ ಬಂದ ಶಿರಾಜ್ ಎಂಬ ಕೆಂಪು ವೈನಿಗೆ, “ಇದರಾಗ ಮೆಣಸಿನಕಾಳು ಹಾಕ್ಯಾರೇನು?”

ವೈನು ಬಲ್ಲವರು ಬರೆದ ಪುಸ್ತಕ ತೆರೆದು ನೋಡಿ, ಇದೇ ಮಾತು. ಡಬ್ಬು ಮೆಣಸಿನಕಾಯಿಗೆ ಆ ಹಸಿ ವಾಸನೆ ಕೊಡುವ ರಾಸಾಯನಿಕವೇ ಸೊವಿನ್ಯೊ ಬ್ಲಾಂಕಿನಲ್ಲೂ ಇದೆ. ಶಿರಾಜಿನ ಮೆಣಸಿನಕಾಳು ವಾಸನೆಗೆ ಕಾರಣವಾದ ‘ರೊಟಂಡೋನ್’ ಎಂಬ ವಸ್ತುವನ್ನು ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದರು; ಅದು ನಾವು ಸಾರಿಗೆ ಕುಟ್ಟಿ ಹಾಕುವ ಮೆಣಸಿನಕಾಳಿನಲ್ಲಿ ಇರುವ ವಸ್ತುವೇ. ಹನಿ ಮುಟ್ಟದ ಕಾಕಾ ಮೂಗಿನಿಂದಲೇ ಎರಡಕ್ಕೆ ಎರಡೂ ಸರಿ ಹೇಳಿದರು. ಸಂಕೋಚ ಇದ್ದವರಿಗೆ ಇನ್ನೊಂದು ಮಾತು. ವೈನಿನ ರುಚಿ ನೋಡುವುದನ್ನೇ ಕಸುಬಾಗಿ ಮಾಡಿಕೊಂಡವರು ಬಾಯಲ್ಲಿ ಮುಕ್ಕಳಿಸಿ ಪಕ್ಕದ ಡಬ್ಬಿಗೆ ಉಗುಳುತ್ತಾರೆ, ನುಂಗುವುದಿಲ್ಲ. ದಿನಕ್ಕೆ ಐವತ್ತು ಬಗೆ ನೋಡುವವನು ನುಂಗುತ್ತ ಕೂತರೆ ಸಂಜೆಗೆ ಮನೆ ಸೇರಲಾರ!

ಈ ದೊಡ್ಡ ದೊಡ್ಡ ಪಂಡಿತರೂ ಮೋಸ ಹೋಗಿದ್ದಾರೆ. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಫ್ರಾನ್ಸಿನ ಬೋರ್ಡೊ ನಗರದಲ್ಲಿ ವೈನ್ ವಿದ್ಯೆ ಓದುತ್ತಿದ್ದ 54 ಜನರಿಗೆ ಬಿಳಿ ವೈನಿಗೇ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಅದನ್ನು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ವರ್ಣಿಸಿದರು. ಅದಕ್ಕೂ ಮೊದಲು, 1976ರ ಮೇ 24ರಂದು ಪ್ಯಾರಿಸಿನಲ್ಲಿ ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷ್ ವ್ಯಾಪಾರಿ ಬಾಟಲಿಯ ಚೀಟಿ ಮುಚ್ಚಿ ಫ್ರೆಂಚ್ ಪರಿಣತರಿಗೆ ರುಚಿ ನೋಡಿಸಿದ. ಕೆಂಪಿನಲ್ಲೂ ಬಿಳಿಯಲ್ಲೂ ಅಮೆರಿಕದ ಕ್ಯಾಲಿಫೋರ್ನಿಯಾದ ವೈನುಗಳೇ ಮೇಲಾದವು. ಹೆಸರು ಕಾಣದಿದ್ದಾಗ ನಾಲಿಗೆ ಸತ್ಯ ಹೇಳಿತು. ಒಣದ್ರಾಕ್ಷಿಯ ಬಾಕ್ಸಿನ ಮೇಲಿನ ಬಣ್ಣದ ಚಿತ್ರ ನೋಡಿ ದರ ಕೂಗುವ ಅಡತ್ಯಾ ಎಷ್ಟು ದಿನ ಬಾಳಿಯಾನು? ಬಾಟಲಿಗೂ ಅದೇ ನ್ಯಾಯ.

ಚೀಟಿ ಓದುವುದನ್ನಂತೂ ಕಲಿಯಲೇಬೇಕು. ಯಾವ ಜಾತಿಯ ದ್ರಾಕ್ಷಿ, ಯಾವ ಊರು, ಯಾವ ವರ್ಷದ ಕೊಯ್ಲು, ಮದ್ಯಸಾರ ಎಷ್ಟು, ಡ್ರೈಯೋ ಸಿಹಿಯೋ, ಇವನ್ನು ಹುಡುಕಿ. ವರ್ಷ ಹಳೆಯದಾದಷ್ಟೂ ಒಳ್ಳೆಯದು ಎಂಬ ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಅದು ಎಲ್ಲ ವೈನಿಗೂ ಸಲ್ಲದು. ನಮ್ಮ ದೇಶದ ಬಹುಪಾಲು ಬಿಳಿ ವೈನುಗಳು ಒಂದೆರಡು ವರ್ಷದಲ್ಲಿ ಮುಗಿಸಬೇಕಾದಂಥವು. ಅಂಗಡಿಯ ಹಲಗೆಯ ಮೇಲೆ ಐದು ಬೇಸಿಗೆ ಕಂಡ ಬಿಳಿ ವೈನನ್ನು ಯಾರೂ ಬಿಟ್ಟಿ ಕೊಟ್ಟರೂ ನಾನು ತರುವುದಿಲ್ಲ. ಸೊಲ್ಲಾಪುರದ ಮೇ ತಿಂಗಳ ಬಿಸಿಲಿಗೆ ಕಾದ ಬಾಟಲಿಯೊಳಗೆ ಬೆಂದ ಹಣ್ಣಿನ ವಾಸನೆ ಬರುತ್ತದೆ. ಹಾಗೆಯೇ ಕೆಂಪು ವೈನನ್ನು ‘ಕೋಣೆಯ ಉಷ್ಣತೆಯಲ್ಲಿ’ ಕೊಡಬೇಕು ಎಂದು ಬರೆದವರು ಯುರೋಪಿನ ಚಳಿ ದೇಶದವರು. ಅವರ ಕೋಣೆ ಎಂದರೆ 16ರಿಂದ 18 ಡಿಗ್ರಿ. ನಮ್ಮ ಕೋಣೆ 38. ಅರ್ಧ ತಾಸು ಫ್ರಿಜ್ಜಿನಲ್ಲಿಟ್ಟರೆ ಯಾವ ಶಾಸ್ತ್ರವೂ ಕೆಡುವುದಿಲ್ಲ. ತಿರುಗಿಸುವ ಮುಚ್ಚಳ ಇದ್ದರೆ ಕಳಪೆ ಮಾಲು ಎಂಬುದೂ ಸುಳ್ಳು. ತೊಗಟೆಯ ಬಿರಡೆಗೆ ಕೆಲವೊಮ್ಮೆ ಒಂದು ದೋಷ ತಗಲಿ ವೈನಿಗೆ ನೆನೆದ ಗೋಣಿಚೀಲದ ವಾಸನೆ ಬರುತ್ತದೆ, ತಿರುಗಿಸುವ ಮುಚ್ಚಳ ಆ ಬಿರಡೆಯ ಕಾಟವನ್ನು ತಪ್ಪಿಸುತ್ತದೆ. ಹೋಟೆಲಿನವನು ಮೊದಲು ಒಂದು ಗುಟುಕು ಸುರಿದು ನಿಮ್ಮ ಮುಖ ನೋಡುವುದು ಇಂಥ ದೋಷ ಇದೆಯೇ ಎಂದು ಕೇಳಲಿಕ್ಕೆ. ಗೋಣಿಚೀಲ, ವಿನೆಗರ್ ಇಂಥ ವಾಸನೆ ಬಂದರೆ ಬೇರೆ ತರಲು ಹೇಳಬಹುದು. ಅದು ನಿಮ್ಮ ಹಕ್ಕು. ರುಚಿ ಹಿಡಿಸಲಿಲ್ಲ ಎಂದು ವಾಪಸು ಮಾಡುವಂತಿಲ್ಲ.

‘ಪೋರ್ಟ್’ ಎಂಬ ಹೆಸರಿನ ಬಗ್ಗೆ ಗೋವಾದ ಕನ್ನಡಿಗರಿಗೆ ಹೇಳಬೇಕು. ಅಲ್ಲಿಂದ ಊರಿಗೆ ಬರುವವರ ಚೀಲದಲ್ಲಿ ಈ ಸಿಹಿ ಕೆಂಪು ಬಾಟಲಿ ಎಷ್ಟೋ ಸಲ ಕಂಡಿದ್ದೇನೆ. ಮೂಲದ ಪೋರ್ಟ್ ಪೋರ್ಚುಗಲ್ಲಿನ ಡೌರೊ ನದಿಯ ಕಣಿವೆಯದು. ಹುದುಗುವ ನಡುವೆಯೇ ದ್ರಾಕ್ಷಿಯ ಸ್ಪಿರಿಟ್ ಬೆರೆಸಿ ನಿಲ್ಲಿಸುವುದರಿಂದ ಸಿಹಿಯೂ ಉಳಿಯುತ್ತದೆ, ಮದ್ಯಸಾರವೂ 20ರ ಹತ್ತಿರಕ್ಕೆ ಏರುತ್ತದೆ. ನಮ್ಮಲ್ಲಿ ಆ ಹೆಸರಿನಲ್ಲಿ ಮಾರುವ ಅಗ್ಗದ ಮಾಲು ಅದಲ್ಲ. ಕುಡಿಯಲು ಬೇಡವೆನ್ನುವುದಿಲ್ಲ, ಹೆಸರಿಗೆ ಮರುಳಾಗುವುದು ಬೇಡ. ಅಂದ ಹಾಗೆ, ಗಡಿ ದಾಟಿಸುವ ಮುನ್ನ ಅಬಕಾರಿ ಪರವಾನಗಿ ವಿಚಾರಿಸಿ. ಚೆಕ್‌ಪೋಸ್ಟಿನಲ್ಲಿ ಭಾಷೆ ಯಾವುದಾದರೇನು, ದಂಡ ದಂಡವೇ.

ಈಗ ಮುಖ್ಯ ಸಂಗತಿ. ನಮ್ಮ ಪಡಗಳಲ್ಲಿ ಇರುವುದು ಥಾಮ್ಸನ್, ತಾಸ್-ಎ-ಗಣೇಶ್, ಸೋನಾಕಾ. ಸೋನಾಕಾ ಸೊಲ್ಲಾಪುರದ ಹತ್ತಿರದ ನಾನ್ನಜ ಗ್ರಾಮದ ರೈತರ ಪಡದಲ್ಲಿ ಹುಟ್ಟಿದ್ದು ಎಂಬುದು ನಮಗೆಲ್ಲ ಹೆಮ್ಮೆ. ಇವೆಲ್ಲ ಬೀಜವಿಲ್ಲದ, ದಪ್ಪ ಕಾಯಿಯ, ತೆಳು ಸಿಪ್ಪೆಯ ಜಾತಿಗಳು. ವೈನಿಗೆ ಬೇಕಾದದ್ದು ಇದರ ತಿರುಗಮುರುಗ. ಕಾಯಿ ಸಣ್ಣದಿರಬೇಕು, ಸಿಪ್ಪೆ ದಪ್ಪ ಇರಬೇಕು, ಬೀಜ ಇದ್ದರೂ ನಡೆಯುತ್ತದೆ. ರುಚಿ, ಬಣ್ಣ ಇರುವುದು ಸಿಪ್ಪೆಯಲ್ಲಿ. ಕ್ಯಾಬರ್ನೆ, ಶಿರಾಜ್, ಶೆನಿನ್ ಬ್ಲಾಂಕ್ ಈ ಜಾತಿಯವು. ಅಂಥ ಬಳ್ಳಿ ಒಮ್ಮೆ ನೆಟ್ಟರೆ ಅದರ ಹಣ್ಣು ಪೇಟೆಯಲ್ಲಿ ತಿನ್ನುವವರಿಗೆ ಬೇಡ, ಶೆಡ್ಡಿನಲ್ಲಿ ಒಣಗಿಸಲೂ ಬೇಡ. ಕೊಳ್ಳುವವನು ಒಬ್ಬನೇ, ವೈನರಿಯವನು.

ಮಹಾರಾಷ್ಟ್ರ ಸರ್ಕಾರ 2001ರಲ್ಲಿ ದ್ರಾಕ್ಷಿ ಸಂಸ್ಕರಣೆಗೆ ನೀತಿ ತಂದಿತು, ಕರ್ನಾಟಕ 2007ರಲ್ಲಿ ತನ್ನ ವೈನ್ ನೀತಿ ತಂದಿತು. (ಅದೇ 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಷೇಧವೂ ಆಯಿತು ಎಂಬುದು ನೆನಪಿರಲಿ.) ನಾಸಿಕದ ಸುತ್ತ ವೈನರಿಗಳು ಅಣಬೆಗಳಂತೆ ಎದ್ದವು, ರೈತರು ಸಾಲ ಮಾಡಿ ವೈನ್ ದ್ರಾಕ್ಷಿ ನೆಟ್ಟರು. 2008ರ ಆರ್ಥಿಕ ಹಿಂಜರಿತ, ಅದೇ ನವೆಂಬರಿನ ಮುಂಬಯಿ ದಾಳಿ, ಹೋಟೆಲುಗಳು ಬರಿದಾದವು, ವೈನು ಟ್ಯಾಂಕಿನಲ್ಲೇ ಉಳಿಯಿತು. ಎಷ್ಟೋ ವೈನರಿಗಳು ಬಾಗಿಲು ಹಾಕಿದವು. ಕೊಳ್ಳುವವರಿಲ್ಲದೆ ರೈತರು ಬಳ್ಳಿ ಕಿತ್ತು ಹಾಕಿದರು. ಎರಡು ಮೂರು ವರ್ಷ ಮಗುವಿನಂತೆ ಸಾಕಿ ಹಂದರಕ್ಕೇರಿಸಿದ ಬಳ್ಳಿ ಕೀಳುವ ಸಂಕಟ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ.

ಹೀಗಾಗಿ, ಬಾಟಲಿಯ ಒಳಗಿನದು ತಿಳಿಯದ ಬೆಳೆಗಾರ ವೈನರಿಯವನ ಎದುರು ಕೂತು ಕರಾರಿಗೆ ಸಹಿ ಹಾಕುವುದು, ತೂಕದ ಕಲ್ಲು ಓದಲು ಬಾರದವನು ಅಡತಿ ಅಂಗಡಿಗೆ ಹೋದಂತೆ. ಬ್ರಿಕ್ಸಿಗೆ ಇಷ್ಟು ದರ ಎಂದು ಬರೆದಿದ್ದರೆ, ಹುಳಿ ಇಳಿದರೆ ಏನು ಕಡಿತ, ಕೊಯ್ಲಿನ ದಿನ ಯಾರು ನಿರ್ಧರಿಸುವವರು, ಅವರು ತಡ ಮಾಡಿ ಕಾಯಿ ಬಾಡಿ ತೂಕ ಕಡಿಮೆಯಾದರೆ ನಷ್ಟ ಯಾರದು, ಬಿಲ್ ಎಷ್ಟು ದಿನಕ್ಕೆ, ಇವನ್ನು ಕೇಳಬೇಕು. 750 ಮಿಲಿಯ ಒಂದು ಬಾಟಲಿಗೆ ಒಂದು ಕಿಲೋಗಿಂತ ತುಸು ಹೆಚ್ಚು ದ್ರಾಕ್ಷಿ ಸಾಕು. ಆ ಬಾಟಲಿಯ ದರ, ಆ ಕಿಲೋ ದ್ರಾಕ್ಷಿಯ ದರ ಎರಡನ್ನೂ ಪಕ್ಕಪಕ್ಕ ಬರೆದು ನೋಡಿ. ನಡುವಿನದೆಲ್ಲ ಲೂಟಿ ಎಂದು ನಾನು ಹೇಳಲಾರೆ. ಟ್ಯಾಂಕು, ತಂಪು ಕೋಣೆ, ಬಾಟಲಿ, ತೆರಿಗೆ ಎಲ್ಲಕ್ಕೂ ದುಡ್ಡು ಬೇಕು. ಆದರೆ “ನಿಮ್ಮ ಮಾಲಿನಾಗ ದಮ್ ಇಲ್ರಿ” ಎಂದು ಅವನು ದರ ಇಳಿಸಿದಾಗ, ಒಂದು ಗುಟುಕು ಬಾಯಲ್ಲಿಟ್ಟು ಉಗುಳಿ, “ಹುಳಿ ಚಲೋ ಐತಿ, ಒಗರೂ ಐತಿ, ಕಮ್ಮಿ ಏನೈತಿ ಹೇಳ್ರಿ?” ಎಂದು ಕೇಳುವ ನಾಲಿಗೆ ನಮಗಿರಬೇಕು.

ಇಲ್ಲಿ ಸರ್ಕಾರಗಳ ಪಾಲೂ ಇದೆ. ಪುಣೆಯಲ್ಲಿ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರವಿದೆ, ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ಜತ್ತ, ಅಕ್ಕಲಕೋಟ ತಾಲ್ಲೂಕುಗಳ ಕನ್ನಡ ರೈತ ಎರಡರ ನಡುವೆ ನಿಂತಿದ್ದಾನೆ. ಮರಾಠಿ ಅವನಿಗೆ ಬರುತ್ತದೆ, ಆದರೆ ಕರಾರಿನ ಸೂಕ್ಷ್ಮ ತಲೆಗೆ ಹೋಗುವುದು ಮನೆಮಾತಿನಲ್ಲಿ. ಜಾತಿ, ಕೊಯ್ಲು, ರುಚಿ, ಕರಾರು ಈ ನಾಲ್ಕು ವಿಷಯಕ್ಕೆ ಸರಳ ಕನ್ನಡದಲ್ಲಿ ಒಂದು ಕಿರುಹೊತ್ತಗೆ ಮಾಡಿ ಗಡಿಯಾಚೆಗೂ ಹಂಚಲು ಬಾಗಲಕೋಟೆಯವರು ಮನಸ್ಸು ಮಾಡಬೇಕು. ವಿಜಯಪುರದ ರೈತನಿಗೆ ಕೊಟ್ಟದ್ದನ್ನು ಮೂವತ್ತು ನಲವತ್ತು ಮೈಲಿ ಆಚೆಯವನಿಗೆ ಕೊಡಲು ಯಾವ ಕಾನೂನೂ ಅಡ್ಡಿಯಿಲ್ಲ. ನಮ್ಮ ದ್ರಾಕ್ಷಿ ಸಂಘಗಳು ಚಾಟ್ನಿಯ ತರಬೇತಿ ಇಡುವಂತೆ ವರ್ಷಕ್ಕೊಮ್ಮೆ ಚೀಟಿ ಮುಚ್ಚಿದ ನಾಲ್ಕು ಬಾಟಲಿ ಇಟ್ಟು ಮೂಸುವ ತರಬೇತಿಯನ್ನೂ ಇಡಲಿ.

ವೈನು ಔಷಧ, ಹೃದಯಕ್ಕೆ ಒಳ್ಳೆಯದು ಎಂದು ಮಾರುವವರು ಹೇಳುತ್ತಾರೆ. ಆ ಮಾತನ್ನು ನಂಬಬೇಡಿ. ಮದ್ಯಸಾರದಲ್ಲಿ ಇಷ್ಟು ಪ್ರಮಾಣ ನಿರಪಾಯ ಎನ್ನುವಂಥದ್ದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿಯೇ ಹೇಳಿದೆ. ದ್ರಾಕ್ಷಿಯಿಂದ ಬಂತು ಎಂದ ಮಾತ್ರಕ್ಕೆ ಅದು ಹಾಲಾಗದು.

ಅಂದು ಊಟ ಮುಗಿದ ಮೇಲೆ ನಮ್ಮ ವ್ಯಾಪಾರಿ ಹೋಟೆಲಿನವನನ್ನು ಕರೆದು ಖಾಲಿ ಬಾಟಲಿ ಕೇಳಿದ. ಮೇಜಿನ ಮೇಲಿನ ನೀರು ಹಚ್ಚಿ ಮೆಲ್ಲಗೆ ಚೀಟಿ ಬಿಡಿಸಿ, ಜೇಬಿನ ಸವಾಲಿನ ಡೈರಿಯೊಳಗೆ ಅಂಟಿಸಿದ. ಕೆಳಗೆ ಪೆನ್ಸಿಲಿನಲ್ಲಿ ಬರೆದದ್ದನ್ನು ನಾನು ಬಗ್ಗಿ ಓದಿದೆ: “ಸಿಹಿ ಇಲ್ಲ. ಹುಳಿ ಚಲೋ. ಒಗರು ಕಡಿಮಿ. ಕಾಕಾ ಅಂದ್ರು, ಡಬ್ಬು ಮೆಣಸಿನಕಾಯಿ.” ಕಾಕಾ ಕೈ ತೊಳೆದುಕೊಂಡು ಬಂದವರು ಅದನ್ನು ನೋಡಿ, “ನನ್ನ ಹೆಸರು ಯಾಕ ಬರದಿಯೋ ಮಾರಾಯ, ಊರಾಗ ಯಾರರೆ ನೋಡಿದ್ರ?” ಎಂದು ಡೈರಿ ಕಸಿದುಕೊಳ್ಳಲು ಹೋದರು.